ಗಣಿಯ ಹೆಸರುಗಳನ್ನು ಹಾಡುವ ಗಿಟಾರ್

ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ಗೆ ನಮ್ಮನ್ನು ನೋಡಲು ಬರುವ ನೆಂಟರನ್ನು ಇಲ್ಲಿನ ಹಳೆಯ ಕಲ್ಲಿದ್ದಲು ಗಣಿಗೆ ಕರೆದೊಯ್ಯುತ್ತೇನೆ. ನೆಲದಡಿ ಸುಮಾರು 300 ಅಡಿ ಇಳಿಯಬೇಕು. ದಾರಿಯಲ್ಲಿ ಕಾರಿನಲ್ಲೇ ಸಂಗೀತ ಸಂಯೋಜಕಿ ಜೂಲಿಯಾ ವುಲ್ಫ್ ಅವರ 'ಆಂಥ್ರಸೈಟ್ ಫೀಲ್ಡ್ಸ್' ಕೇಳಿಸುತ್ತೇನೆ; ಇಲ್ಲಿನ ಗಟ್ಟಿ ಕಲ್ಲಿದ್ದಲಿನ (ಆಂಥ್ರಸೈಟ್) ಗಣಿಗಳ ಬಗ್ಗೆ ಗಾಯಕವೃಂದ, ವಾದ್ಯವೃಂದಗಳಿಗಾಗಿ ರಚಿಸಿದ ಕೃತಿ ಅದು.

ವುಲ್ಫ್ ಇದೇ ರಾಜ್ಯದವರು. 1987ರಲ್ಲಿ ಮೈಕೆಲ್ ಗಾರ್ಡನ್, ಡೇವಿಡ್ ಲ್ಯಾಂಗ್ ಜೊತೆಗೂಡಿ ನ್ಯೂಯಾರ್ಕಿನಲ್ಲಿ 'ಬ್ಯಾಂಗ್ ಆನ್ ಎ ಕ್ಯಾನ್' ಎಂಬ ಹೊಸ ಸಂಗೀತದ ಸಂಸ್ಥೆ ಕಟ್ಟಿದರು. ಅವರ ವಾದ್ಯವೃಂದದಲ್ಲಿ ಚೆಲ್ಲೊ, ಕ್ಲಾರಿನೆಟ್‌ಗಳ ಪಕ್ಕದಲ್ಲೇ ಎಲೆಕ್ಟ್ರಿಕ್ ಗಿಟಾರ್, ಡ್ರಮ್‌ಗಳು ಕೂರುತ್ತವೆ. ಈ ಕೃತಿ 2014ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲು ಪ್ರದರ್ಶನಗೊಂಡು, ಮರುವರ್ಷ ಸಂಗೀತಕ್ಕಾಗಿ ಕೊಡುವ ಪುಲಿಟ್ಜರ್ ಪ್ರಶಸ್ತಿ ಪಡೆಯಿತು.

ಆರಂಭದಲ್ಲಿ ಮಂದ್ರದ ಗುಡುಗು. ನಂತರ ಗಾಯಕವೃಂದ ಹೆಸರುಗಳನ್ನು ಹಾಡತೊಡಗುತ್ತದೆ. 1869ರಿಂದ 1916ರವರೆಗಿನ ಗಣಿ ಅಪಘಾತಗಳ ದಾಖಲೆಯಿಂದ ತೆಗೆದವು ಅವು. ಆ ಪಟ್ಟಿ ಅಪಾರವಾದದ್ದರಿಂದ ವುಲ್ಫ್ ಮೊದಲಿಗೆ ಆರಿಸಿಕೊಂಡದ್ದು ಜಾನ್ ಎಂಬವರನ್ನು, ಅದರಲ್ಲೂ ಮನೆತನದ ಹೆಸರು ಒಂದೇ ಉಚ್ಚಾರಾಂಶದಷ್ಟು ಚಿಕ್ಕದಾಗಿರುವವರನ್ನು ಮಾತ್ರ. ಜಾನ್, ಜಾನ್, ಜಾನ್ ಎಂದು ಸಾಲು ಮುಗಿಯುವುದೇ ಇಲ್ಲ. ರಾಗದ ಸೊಗಸಿಗಾಗಿ ಕಾಯುವವರಿಗೆ ಇದು ಕಷ್ಟ; ನನಗಂತೂ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಎರಡನೆಯ ಭಾಗ ಕಲ್ಲಿದ್ದಲಿನಿಂದ ಕಲ್ಲು ಹೆಕ್ಕುತ್ತಿದ್ದ ಹುಡುಗರದು. ಕೈಗವಸು ತೊಡುವಂತಿರಲಿಲ್ಲ, ಬೆರಳ ತುದಿಗಳು ರಕ್ತ ಸೋರುತ್ತಿದ್ದವು. ಇಲ್ಲಿ ಗಿಟಾರ್, ಡ್ರಮ್ ಅಬ್ಬರಿಸುತ್ತವೆ. ಯಂತ್ರದ ಬಾಯಿಗೆ ಕುಳಿತ ಮಕ್ಕಳ ಕಥೆಯನ್ನು ಬರೀ ಪಿಟೀಲಿನಲ್ಲಿ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕೊನೆಯ ಭಾಗದಲ್ಲಿ ಕಲ್ಲಿದ್ದಲಿನ ಬಲದಿಂದ ನಾವು ಮಾಡುವ ದಿನನಿತ್ಯದ ಕೆಲಸಗಳು ಒಂದೊಂದಾಗಿ ಬರುತ್ತವೆ: ಮನೆ ಬೆಚ್ಚಗಿಡುವುದು, ಕೇಕ್ ಬೇಯಿಸುವುದು.

ಕೋಲಾರದ ಕಡೆಯವಳಾದ ನನಗೆ ಕೆಜಿಎಫ್ ನೆನಪಾಗದೆ ಇರುವುದಿಲ್ಲ. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದವರ ಊರು ಅದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹರಿದದ್ದು ಆ ಗಣಿಗೆ; ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. 2001ರಲ್ಲಿ ಗಣಿ ಮುಚ್ಚಿತು. ಅಲ್ಲಿ ಸತ್ತವರ ಹೆಸರುಗಳಲ್ಲಿ ತಮಿಳು, ತೆಲುಗು, ಕನ್ನಡ ಎಲ್ಲವೂ ಬೆರೆತಿವೆ. ತಮಟೆಯ ಜೊತೆ ಎಲೆಕ್ಟ್ರಿಕ್ ಗಿಟಾರ್ ಇಟ್ಟು ಅವನ್ನು ಹಾಡಿಸಬಲ್ಲವರು ನಮ್ಮ ನಾಡಿನಲ್ಲಿ ಇದ್ದೇ ಇದ್ದಾರೆ, ಯಾರಾದರೂ ಕೈಹಾಕಬೇಕು. ನಿಮ್ಮ ಮನೆಯಲ್ಲಿ ಗಣಿಗೆ ಇಳಿದ ಹಿರಿಯರಿದ್ದರೆ, ಅವರ ಹೆಸರು, ಪಾಳಿ, ಜೊತೆಗಾರರ ಹೆಸರುಗಳನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.