ಪಕ್ಕದ್ಮನೆ ಸಾವಿನ ಸುದ್ದಿ ಗ್ರೂಪಲ್ಲಿ ಹಾಕ್ಬಹುದಾ?

ನಮ್ಮ ಬೀದಿ ವಾಟ್ಸಾಪ್ ಗ್ರೂಪಿಗೆ ನಾನೇ ಅಡ್ಮಿನ್, ಹಾಗಾಗಿ ಯಾರಾದ್ರೂ ತೀರ್ಕೊಂಡ್ರೆ ಮೊದಲು ನಂಗೇ ಫೋನು, "ಗ್ರೂಪಲ್ಲಿ ಹಾಕ್ಲಾ ಸಾರ್?" ಅಂತ. ನಾನು ವಾಪಸ್ ಕೇಳೋದು ಒಂದೇ, ಆ ಮನೆಯವರನ್ನ ಕೇಳಿದ್ರಾ? ಕೇಳಿಲ್ಲ ಅಂದ್ರೆ ಸ್ವಲ್ಪ ತಡೀರಿ.

ಇದು ನಾನೇ ಎಡವಟ್ಟು ಮಾಡ್ಕೊಂಡು ಕಲ್ತಿದ್ದು. ಎದುರು ಮನೆ ಯಜಮಾನ್ರು ಬೆಳಗಿನ ಜಾವ ಹೋದ್ರು, ನಾನು ಎಲ್ಲರಿಗೂ ಗೊತ್ತಾಗ್ಲಿ ಅಂತ ಫೋಟೋ ಸಮೇತ ಹಾಕ್ದೆ, ಕೆಳಗೆ ಸಾಲಾಗಿ ಕೈಮುಗಿಯೋ ಇಮೋಜಿಗಳು. ಅವರ ಮಗಳು ಆಗ ಬಸ್ಸಲ್ಲಿ ಬರ್ತಾ ಇದ್ಳು, ಒಬ್ಳೇ ಬರ್ಬೇಕಲ್ಲ ಅಂತ ಮನೆಯವರು "ಅಪ್ಪಂಗೆ ಹುಷಾರಿಲ್ಲ, ಬೇಗ ಬಾ" ಅಂತಷ್ಟೇ ಹೇಳಿದ್ರಂತೆ, ಅರ್ಧ ದಾರೀಲಿ ಯಾರೋ ಪುಣ್ಯಾತ್ಮರು ನನ್ನ ಮೆಸೇಜನ್ನೇ ಅವಳಿಗೆ ಫಾರ್ವರ್ಡ್ ಮಾಡಿದ್ದಾರೆ. ಸಂಜೆ ಸಿಕ್ಕಾಗ ಅವಳು ಬೈಲಿಲ್ಲ. "ನಿಮ್ಮ ಮೆಸೇಜ್ ನೋಡ್ದೆ ಅಂಕಲ್" ಅಂದ್ಳು ಅಷ್ಟೆ.

ಡಿಲೀಟ್ ಫಾರ್ ಎವ್ರಿಒನ್ ಇದ್ಯಲ್ಲ ಅಂತೀರಾ? ಎರಡು ದಿನಕ್ಕಿಂತ ಜಾಸ್ತಿನೇ ಟೈಮ್ ಇರುತ್ತೆ ನಿಜ, ಆದ್ರೆ ಅಳಿಸೋದು ಆ ಗ್ರೂಪಲ್ಲಿರೋದನ್ನ ಮಾತ್ರ, ಫಾರ್ವರ್ಡ್ ಆಗಿದ್ದು ಸ್ಕ್ರೀನ್‌ಶಾಟ್ ಆಗಿದ್ದು ಊರೆಲ್ಲಾ ಸುತ್ತುತ್ತಾನೇ ಇರುತ್ತೆ. ಕಾನೂನು ನೋಡ್ಕೊಳ್ಳುತ್ತೆ ಅಂತಾನೂ ಅಂದ್ಕೋಬೇಡಿ, ಅಷ್ಟು ಬಿಗಿ ಅನ್ನಿಸ್ಕೊಂಡಿರೋ ಯುರೋಪಿನ ಜಿಡಿಪಿಆರ್ ಅನ್ನೋ ಖಾಸಗಿ ಮಾಹಿತಿ ಕಾಪಾಡೋ ಕಾನೂನು (2018ರಿಂದ ಜಾರೀಲಿದೆ) ಕೂಡ ಬದುಕಿರೋರ ಮಾಹಿತಿಗೆ ಮಾತ್ರ ಅನ್ವಯ.

ಮನೆಯವರು ಹಾಕಿ ಅಂದ್ಮೇಲೂ ಅವರು ಹೇಳಿದಷ್ಟೇ ಹಾಕಿ. ಹೆಸರು, ಅಂತ್ಯಕ್ರಿಯೆ ಎಲ್ಲಿ, ಎಷ್ಟೊತ್ತಿಗೆ, ಸಾಕು. ಹೇಗೆ ಹೋದ್ರು, ಯಾವ ಕಾಯಿಲೆ, ಆಂಬುಲೆನ್ಸ್ ಬಂದಿದ್ದ ಫೋಟೋ ಇದೆಲ್ಲಾ ಬೇಡ, ಆತ್ಮಹತ್ಯೆ ಆಗಿದ್ರಂತೂ ಹೇಗೆ ಅನ್ನೋದನ್ನ ಬಾಯ್ಬಿಡ್ಲೇಬೇಡಿ. ಫೇಸ್‌ಬುಕ್ಕಲ್ಲಿ ಪಬ್ಲಿಕ್ಕಾಗಿ ಹಾಕೋರು ಇನ್ನೊಂದು ಯೋಚ್ನೆ ಮಾಡಿ, ಮನೆ ಅಡ್ರೆಸ್ಸು ಜೊತೆಗೆ ಅಂತ್ಯಕ್ರಿಯೆ ಟೈಮು ಹಾಕಿದ್ರೆ ಆ ಹೊತ್ತಲ್ಲಿ ಮನೆ ಖಾಲಿ ಅಂತ ಕಳ್ಳರಿಗೆ ನಾವೇ ಹೇಳ್ದಂಗೆ, ಹುಟ್ಟಿದ ತಾರೀಕೂ ಸೇರಿಸಿದ್ರೆ ಸತ್ತೋರ ಹೆಸರಲ್ಲಿ ಮೋಸ ಮಾಡೋರಿಗೂ ಅನುಕೂಲ.

ಹಾಂ, ಉತ್ಸಾಹದಲ್ಲಿ ಫೇಸ್‌ಬುಕ್ಕಿಗೆ "ಇವರು ತೀರ್ಕೊಂಡಿದ್ದಾರೆ" ಅಂತ ರಿಪೋರ್ಟ್ ಮಾಡೋಕೂ ಹೋಗ್ಬೇಡಿ. ಅಕೌಂಟ್ ಮೆಮೋರಿಯಲ್, ಅಂದ್ರೆ ಸತ್ತೋರ ನೆನಪಿನ ಪುಟ, ಆಗ್ಬಿಟ್ರೆ ಪಾಸ್‌ವರ್ಡ್ ಗೊತ್ತಿದ್ರೂ ಮನೆಯವರು ಲಾಗಿನ್ ಆಗಕ್ಕಾಗಲ್ಲ.

ಮೊನ್ನೆ ಒಬ್ರು "ಹಿಂದಿನ ಬೀದಿ ಗ್ರೂಪಲ್ಲಿ ಆಗ್ಲೇ ಬಂದಿದೆ ಸಾರ್, ನಾವೇ ಲೇಟು" ಅಂದ್ರು. ಆಗ್ಲಿ ಬಿಡಿ ಅಂದೆ. ಸ್ವಲ್ಪ ಹೊತ್ತಿಗೆ ಆ ಮನೆ ಹುಡುಗನೇ ಫೋನ್ ಮಾಡ್ದ, "ಅಕ್ಕಂಗೆ ಹೇಳಾಯ್ತು ಅಂಕಲ್, ಈಗ ಹಾಕಿ" ಅಂತ.