ಭಾಗವತರ ಪದ ಎಲ್ಲಿಂದ ಬರುತ್ತಿದೆ?

"ಕೂಸೆ, ಮಾತು ಕೇಳ್ತಿಲ್ಲೆ. ಬರೀ ಗಲಾಟೆ ಕೇಳ್ತು."

ಮೂರು ವಾರದಿಂದ ಫೋನ್ ಮಾಡಿದಾಗಲೆಲ್ಲ ಅಪ್ಪಯ್ಯ ಇದನ್ನೇ ಹೇಳುತ್ತಿದ್ದರು. ದೊಡ್ಡಬ್ಬಕ್ಕೆ, ಅಂದರೆ ದೀಪಾವಳಿಗೆ, ಮುಂಚೆ ಸಾಗರದ ನಮ್ಮ ಮನೆಗೆ ಬಣ್ಣ ಹೊಡೆಸಿದ್ದೆವು. ಆಗ ಹಾಲಿನಲ್ಲಿದ್ದ ಟಿವಿ, ಆಂಪ್ಲಿಫೈಯರ್, ಐದು ಸ್ಪೀಕರ್, ಒಂದು ಸಬ್‌ವೂಫರ್ ಎಲ್ಲವನ್ನೂ ಬಿಚ್ಚಿ ಒಳಕೋಣೆಗೆ ಸಾಗಿಸಿದ್ದರು. ಬಣ್ಣ ಒಣಗಿದ ಮೇಲೆ ಅಣ್ಣನ ಮಗ ಮತ್ತೆ ಜೋಡಿಸಿಕೊಟ್ಟಿದ್ದ. ಸದ್ದು ಬಂತು. ಎಲ್ಲ ಸರಿಯಾಯ್ತು ಅಂದುಕೊಂಡೆವು.

ಅಪ್ಪಯ್ಯನಿಗೆ ಸಿನಿಮಾ ಅಷ್ಟಕ್ಕಷ್ಟೇ. ಅವರಿಗೆ ಬೇಕಾದ್ದು ತಾಳಮದ್ದಳೆ. ಅದು ಯಕ್ಷಗಾನದ್ದೇ ಒಂದು ಬಗೆ, ಆದರೆ ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಮಾತೇ ಕೇಳಿಸದಿದ್ದರೆ ಅಲ್ಲಿ ಇನ್ನೇನೂ ಉಳಿಯುವುದಿಲ್ಲ. ಮೊಣಕಾಲು ನೋವು ಶುರುವಾದ ಮೇಲೆ ಅವರು ಊರೂರಿಗೆ ಹೋಗಿ ರಾತ್ರಿಯಿಡೀ ಕೂರುವುದು ನಿಂತುಹೋಯಿತು. ಅದಕ್ಕೇ 2017ರಲ್ಲಿ ನಾನು ಈ ಸೆಟ್ ತಂದುಕೊಟ್ಟಿದ್ದು. ಆಟ ಮನೆಗೇ ಬರಲಿ ಅಂತ.

ಫೋನಿನಲ್ಲಿ ಮೊದಲು ವಾಲ್ಯೂಮ್ ಜಾಸ್ತಿ ಮಾಡಿ ಅಂದೆ. ಮಾಡಿದರು. ಮೊದಲು 45ರಲ್ಲಿ ಕೇಳುತ್ತಿದ್ದವರು 62ಕ್ಕೆ ಹೋದರು. ಅಮ್ಮನಿಗೆ ತಲೆನೋವು ಬಂತು. ಆಮೇಲೆ ನಾನೇ ಮೆಲ್ಲಗೆ ಕಿವಿಯ ವಿಷಯ ಎತ್ತಿದೆ. ವಯಸ್ಸು ಎಪ್ಪತ್ತಾರು, ಒಂದ್ಸಲ ಡಾಕ್ಟರಿಗೆ ತೋರಿಸೋಣ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಭಾಗವತರ ಪದ ಟಿವಿಯಿಂದ ಬತ್ತಿಲ್ಲೆ. ಎಲ್ಲೋ ಕಿವಿ ಪಕ್ಕದಿಂದ ಬಂದಂಗೆ ಆಗ್ತು" ಅಂದರು. ನಾನು ಅದನ್ನು ಕೇಳಿಸಿಕೊಂಡೆ, ಆದರೆ ಗಮನ ಕೊಡಲಿಲ್ಲ. ಆ ಒಂದು ವಾಕ್ಯದಲ್ಲಿ ಅವರು ರೋಗವನ್ನು ಪೂರ್ತಿ ಹೇಳಿಬಿಟ್ಟಿದ್ದರು.

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್ಸು ಹತ್ತಿದೆ. ಶನಿವಾರ ಬೆಳಿಗ್ಗೆ ದೋಸೆ ತಿಂದು ನೇರ ಟಿವಿ ಮುಂದೆ ಕೂತೆ.

ಮೊದಲು ನೋಡಿದ್ದು ಆಂಪ್ಲಿಫೈಯರ್‌ನ ಮುಖ. ಅದರ ಪಟ್ಟಿಯಲ್ಲಿ ಯಾವ ಬಗೆಯ ಸಿಗ್ನಲ್ ಒಳಗೆ ಬರುತ್ತಿದೆ ಅಂತ ಅಕ್ಷರಗಳು ಬೆಳಗುತ್ತವೆ. ಏನನ್ನು ಹಾಕಿದರೂ 'ಪಿಸಿಎಂ' ಅಂತಲೇ ತೋರಿಸುತ್ತಿತ್ತು. ನಮ್ಮಲ್ಲಿ ಟಿವಿಯ ಸದ್ದು ಎಚ್‌ಡಿಎಂಐ ಕೇಬಲ್ಲಿನಲ್ಲೇ ಹಿಂದಕ್ಕೆ ಆಂಪ್ಲಿಫೈಯರ್‌ಗೆ ಬರುತ್ತದೆ. ಇದಕ್ಕೆ ಎಆರ್‌ಸಿ ಅನ್ನುತ್ತಾರೆ. ಟಿವಿಯ ಆಡಿಯೊ ಔಟ್‌ಪುಟ್ ಪಿಸಿಎಂನಲ್ಲಿದ್ದರೆ ಈ ದಾರಿಯಲ್ಲಿ ಬರುವುದು ಎರಡೇ ಚಾನೆಲ್, ಅಂದರೆ ಎಡ ಬಲದ ಎರಡೇ ಸದ್ದು. ಆರು ಚಾನೆಲ್ಲಿನ ಸದ್ದನ್ನು ಟಿವಿಯೇ ಎರಡಕ್ಕೆ ಇಳಿಸಿ ಕಳಿಸುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು, ಸದ್ದನ್ನು ಹೀಗೆ ಇಳಿಸದೆ ಇದ್ದ ಹಾಗೇ ಕಳಿಸುವ ಬಿಟ್‌ಸ್ಟ್ರೀಮ್‌ಗೆ ಬದಲಾಯಿಸಿದೆ. ಒಂದು ಸಿನಿಮಾ ಹಾಕಿದೆ. ಪಟ್ಟಿಯಲ್ಲಿ 'ಡಾಲ್ಬಿ ಡಿಜಿಟಲ್' ಬಂತು. ಹಿಂದಿನ ಎರಡು ಸ್ಪೀಕರ್‌ಗಳಲ್ಲಿ ಮಳೆ ಸುರಿಯಿತು.

ಆದರೆ ಮಾತು ಹಾಗೇ ಇತ್ತು. ತೆಳ್ಳಗೆ, ಜೀವವಿಲ್ಲದಂತೆ. ನಾಯಕ ಪರದೆಯ ನಡುವೆ ನಿಂತಿದ್ದಾನೆ, ಅವನ ದನಿ ಮಾತ್ರ ಎರಡೂ ಗೋಡೆಗೆ ಹರಡಿಕೊಂಡಿದೆ. ನನಗೂ ಹಾಗೇ ಕೇಳಿಸಿತು. ನನ್ನ ಕಿವಿಗೆ ಎಪ್ಪತ್ತಾರು ಆಗಿಲ್ಲವಲ್ಲ! ಅಪ್ಪಯ್ಯನ ಕಡೆ ತಿರುಗಿ ನೋಡಲು ಕಷ್ಟವಾಯಿತು.

ಮುಂದಿನ ಹೆಜ್ಜೆ ಟೆಸ್ಟ್ ಟೋನ್. ಹೋಮ್ ಥಿಯೇಟರ್‌ನಲ್ಲಿ ಏನೇ ಅನುಮಾನ ಬಂದರೂ ಇದನ್ನು ಮೊದಲು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಸಿನಿಮಾ ಹಾಕಿ ಕೇಳುತ್ತಾ ಕೂತರೆ ಯಾವ ಸ್ಪೀಕರ್ ಮಾತಾಡುತ್ತಿದೆ, ಯಾವುದು ಮೂಕವಾಗಿದೆ ಗೊತ್ತಾಗುವುದಿಲ್ಲ. ಟೆಸ್ಟ್ ಟೋನ್ ಒಂದೊಂದೇ ಸ್ಪೀಕರಿಗೆ 'ಶ್‌ಶ್' ಎಂಬ ಸದ್ದು ಕಳಿಸುತ್ತದೆ. ಎಡಗಡೆ ಬಂತು. ನಂತರ ನಡುವಿನದಕ್ಕೆ ಹೋಗಬೇಕಿತ್ತು, ನೇರ ಬಲಗಡೆಗೆ ಹಾರಿತು. ಮೆನು ತೆರೆದು ನೋಡಿದರೆ ಸೆಂಟರ್ ಸ್ಪೀಕರ್ ಎದುರಿಗೆ 'ಇಲ್ಲ' ಅಂತ ಬರೆದಿತ್ತು.

ಟಿವಿ ಕೆಳಗಿನ ಸ್ಪೀಕರ್ ಅಲ್ಲೇ ಕೂತಿದೆ. ಆಂಪ್ಲಿಫೈಯರ್ ಮಾತ್ರ ಅದು ಇಲ್ಲ ಅನ್ನುತ್ತಿದೆ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆ. ವೈರು ಸಿಕ್ಕಿಸಿಯೇ ಇತ್ತು. ಎಳೆದರೆ ಬರುತ್ತಲೂ ಇರಲಿಲ್ಲ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಟರ್ಮಿನಲ್ಲಿನ ತಿರುಪು ಸಡಿಲಿಸಿ ತೆಗೆದಾಗ ಗೊತ್ತಾಯಿತು. ತಿರುಪು ಕಚ್ಚಿಕೊಂಡಿದ್ದು ತಾಮ್ರವನ್ನಲ್ಲ, ಪ್ಲಾಸ್ಟಿಕ್ ಹೊದಿಕೆಯನ್ನು. ಹೊರಗಿದ್ದ ಚೂರು ತಾಮ್ರವೂ ಮಲೆನಾಡಿನ ತೇವಕ್ಕೆ ಕಪ್ಪಾಗಿತ್ತು. ಅಣ್ಣನ ಮಗ ಎಲ್ಲ ಜೋಡಿಸಿದ ಮೇಲೆ ಮೈಕ್ ಇಟ್ಟು, ಆಂಪ್ಲಿಫೈಯರ್ ತಾನೇ ಸ್ಪೀಕರ್‌ಗಳನ್ನು ಅಳೆದು ಹೊಂದಿಸಿಕೊಳ್ಳುವ ಆಟೋ ಸೆಟಪ್ ಓಡಿಸಿದ್ದನಂತೆ. ಆಗ ಸೆಂಟರ್‌ನಿಂದ ಸದ್ದೇ ಬಂದಿಲ್ಲ. ಯಂತ್ರ ಆ ಸ್ಪೀಕರ್ ಇಲ್ಲ ಅಂತ ಬರೆದುಕೊಂಡು, ಅದರ ಪಾಲಿನ ಮಾತನ್ನೆಲ್ಲ ಎಡ ಬಲಕ್ಕೆ ಹಂಚಿಬಿಟ್ಟಿದೆ.

ಹಳೇ ತುದಿ ಕತ್ತರಿಸಿದೆ. ಒಂದು ಸೆಂಟಿಮೀಟರ್‌ನಷ್ಟು ಹೊದಿಕೆ ಸುಲಿದೆ. ಎಳೆಗಳನ್ನು ಬಿಗಿಯಾಗಿ ಹೊಸೆದೆ. ಇದನ್ನು ಅವಸರದಲ್ಲಿ ಮಾಡಬಾರದು. ಒಂದೇ ಒಂದು ಕೂದಲೆಳೆಯಷ್ಟು ತಾಮ್ರ ಪಕ್ಕದ ಟರ್ಮಿನಲ್ಲಿಗೆ ತಾಗಿದರೂ ಶಾರ್ಟ್ ಆಗುತ್ತದೆ. ಅಪ್ಪಯ್ಯ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದರು. ಎಳೆ ಹೊರಗೆ ಉಳಿದಿದೆಯಾ ಅಂತ ಕನ್ನಡಕ ಏರಿಸಿ ಬಗ್ಗಿ ಅವರೂ ನೋಡಿದರು.

ವೈರು ಸಿಕ್ಕಿಸಿ, ಮೆನುವಿನಲ್ಲಿ 'ಇಲ್ಲ' ಅಂತಿದ್ದದ್ದನ್ನು 'ಇದೆ' ಅಂತ ಬದಲಾಯಿಸಿದೆ. ಸೆಂಟರ್ ಬಂತು. ಸಿನಿಮಾದ ಮಾತು ಪರದೆಗೆ ಬಂದು ಕೂತಿತು. ಅಮ್ಮ ಒಳಗಿನಿಂದಲೇ, "ಈಗ ಸರಿ ಆತು" ಅಂದರು.

ನಾನು ತಾಳಮದ್ದಳೆಯ ರೆಕಾರ್ಡಿಂಗ್ ಹಾಕಿದೆ. ಅಪ್ಪಯ್ಯ ಎರಡು ನಿಮಿಷ ಕೇಳಿ ತಲೆ ಅಲ್ಲಾಡಿಸಿದರು. ಹಾಗೇ ಇದೆ ಅಂದರು. ನಿಜ. ಅದು ಎರಡೇ ಚಾನೆಲ್ಲಿನ ಹಳೇ ರೆಕಾರ್ಡಿಂಗ್. ಸ್ಟೀರಿಯೊ ಮೋಡ್‌ನಲ್ಲಿ ಅದು ಸೆಂಟರ್ ಸ್ಪೀಕರ್ ಹತ್ತಿರಕ್ಕೂ ಹೋಗುವುದಿಲ್ಲ. ಎಡ ಬಲ ಎರಡರಿಂದಲೂ ಒಂದೇ ದನಿ ಸಮನಾಗಿ ಬಂದರೆ, ಅದು ನಡುವಿನಿಂದ ಬಂದಂತೆ ನಮ್ಮ ಕಿವಿಗೆ ತೋರುತ್ತದೆ. ಭಾಗವತರು ನಡುವೆ ಕೂರುವುದು ಹಾಗೆ. ಇಲ್ಲಿ ಕೂರುತ್ತಿರಲಿಲ್ಲ. ಬಲಗಡೆಯಿದ್ದ ಚಂಡೆ ಸ್ಪಷ್ಟವಾಗಿತ್ತು. ಭಾಗವತರ ದನಿ ಮಾತ್ರ ಸೊರಗಿ ಕಿವಿಯ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಅಪ್ಪಯ್ಯ ಹೇಳಿದ್ದ ಮಾತು ಆಗ ನೆನಪಾಯಿತು. ಅಯ್ಯೋ, ಇದು ಪೊಲಾರಿಟಿ ಅಲ್ವಾ!

ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾದರೆ ಸದ್ದು ನಿಲ್ಲುವುದಿಲ್ಲ, ಅದೇ ಮೋಸ. ಒಂದು ಸ್ಪೀಕರಿನ ಕೋನ್, ಅಂದರೆ ಅದುರಿ ಸದ್ದು ಮಾಡುವ ಭಾಗ, ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಎರಡರಲ್ಲೂ ಸಮನಾಗಿರುವ ಸದ್ದನ್ನು ಅವು ಪರಸ್ಪರ ನುಂಗುತ್ತವೆ. ದಪ್ಪ ದನಿಗೆ ಇದರ ಪೆಟ್ಟು ಹೆಚ್ಚು. ಗಂಡಸರ ದನಿಯ ಬುಡ ಇರುವ 100 ಹರ್ಟ್ಸ್ ಸುತ್ತಮುತ್ತ ಒಂದು ಅಲೆಯ ಉದ್ದವೇ ಮೂರೂವರೆ ಮೀಟರ್. ಪುಟ್ಟ ಹಾಲಿನಲ್ಲಿ ಅಂಥ ಎರಡು ಅಲೆಗಳು ಎದುರುಬದುರಾದರೆ ಹೆಚ್ಚೇನೂ ಮಿಗುವುದಿಲ್ಲ. ಒಂದೇ ಬದಿಯಲ್ಲಿದ್ದ ಚಂಡೆಗೆ ಏನೂ ಆಗಿರಲಿಲ್ಲ. ನಡುವೆ ಕೂರಬೇಕಾದವರೇ ಕಾಣೆಯಾಗಿದ್ದರು.

ವೈರುಗಳನ್ನು ನೋಡಿದೆ. ಒಂದು ಎಳೆ ತಾಮ್ರದ ಬಣ್ಣ, ಒಂದು ಬೆಳ್ಳಿ ಬಣ್ಣ. ಆಂಪ್ಲಿಫೈಯರ್ ಹಿಂದೆ ತಾಮ್ರ ಕೆಂಪಿಗೆ, ಬೆಳ್ಳಿ ಕಪ್ಪಿಗೆ. ಎಡ ಸ್ಪೀಕರಿನ ಹಿಂದೆಯೂ ಹಾಗೇ. ಬಲಕ್ಕೂ ಹಾಗೇ. ಎಲ್ಲ ಸರಿ. ಅಷ್ಟೊತ್ತಿಗೆ ಕರೆಂಟ್ ಹೋಯಿತು.

ಕರೆಂಟ್ ಇಲ್ಲದೆಯೂ ಮಾಡಬಹುದಾದ ಒಂದು ಪರೀಕ್ಷೆ ಇದೆ. ಟಿವಿ ರಿಮೋಟಿನಿಂದ ಒಂದು ಸೆಲ್ ತೆಗೆದೆ, ಒಂದೂವರೆ ವೋಲ್ಟಿನದು. ಸ್ಪೀಕರಿನ ಮುಂದಿನ ಬಲೆ ಬಿಚ್ಚಿದೆ. ವೈರನ್ನು ಆಂಪ್ಲಿಫೈಯರಿನಿಂದ ಬೇರೆ ಮಾಡಿ, ತಾಮ್ರದ ಎಳೆಯನ್ನು ಸೆಲ್ಲಿನ ಪ್ಲಸ್‌ಗೆ, ಬೆಳ್ಳಿಯದನ್ನು ಮೈನಸ್‌ಗೆ ಒಂದು ಕ್ಷಣ ಮುಟ್ಟಿಸಬೇಕು. ಕೋನ್ ಮುಂದಕ್ಕೆ ಜಿಗಿದರೆ ಸರಿ, ಹಿಂದಕ್ಕೆ ಹೋದರೆ ಉಲ್ಟಾ. ಅಪ್ಪಯ್ಯ ನೆಲದ ಮೇಲೆ ಕೂತು ಕೋನಿನ ಮೇಲೆ ಬೆಳಕು ಬಿಟ್ಟರು. ಬಲ ಸ್ಪೀಕರ್: 'ಟಕ್', ಮುಂದಕ್ಕೆ. ಎಡ ಸ್ಪೀಕರ್: 'ಟಕ್'.

"ಒಳಗೆ ಹೋತು" ಅಂದರು ಅಪ್ಪಯ್ಯ.

ಮತ್ತೊಮ್ಮೆ ಮುಟ್ಟಿಸಿದೆ. ಮತ್ತೆ ಒಳಗೆ. ಎರಡೂ ತುದಿಯಲ್ಲಿ ಬಣ್ಣ ಸರಿಯಿದೆ, ಕೋನ್ ಮಾತ್ರ ಉಲ್ಟಾ ಓಡುತ್ತಿದೆ. ಹಾಗಾದರೆ ತಪ್ಪು ನಡುವೆ ಎಲ್ಲೋ ಇರಬೇಕು. ವೈರನ್ನು ಕೈಯಲ್ಲೇ ಸವರುತ್ತಾ ಗೋಡೆಯ ಬುಡದಲ್ಲಿ ಹೋದೆ. ಪುಸ್ತಕದ ಕಪಾಟಿನ ಹಿಂದೆ ಬೆರಳಿಗೆ ಒಂದು ಗಂಟು ತಾಗಿತು. ಕಪ್ಪು ಇನ್ಸುಲೇಷನ್ ಟೇಪು ಸುತ್ತಿತ್ತು. ಇಲಿ ಕಡಿದ ಜಾಗ ಅದು. ಬಣ್ಣದ ಕೆಲಸದ ಹೊತ್ತಿಗೆ ಯಾರೋ ಒಳ್ಳೆ ಮನಸ್ಸಿನಿಂದಲೇ ಸೇರಿಸಿ ಸುತ್ತಿದ್ದಾರೆ. ಟೇಪು ಬಿಚ್ಚಿದೆ. ತಾಮ್ರದ ಎಳೆ ಬೆಳ್ಳಿಯ ಎಳೆಗೆ ಹೊಸೆದುಕೊಂಡಿತ್ತು, ಬೆಳ್ಳಿ ತಾಮ್ರಕ್ಕೆ. ಬೆರಳಿನಷ್ಟುದ್ದದ ಜಾಗ. ಅಪ್ಪಯ್ಯ ಅದನ್ನು ಕೈಯಲ್ಲಿ ತೆಗೆದುಕೊಂಡು ತುಂಬಾ ಹೊತ್ತು ನೋಡಿದರು. ಕಿವಿ ಡಾಕ್ಟರ ವಿಷಯ ಎತ್ತಿದ್ದಕ್ಕೆ ನಾನು ಅಲ್ಲೇ ಕ್ಷಮೆ ಕೇಳಿದೆ. ಅವರು ಏನೂ ಹೇಳಲಿಲ್ಲ, ಟೇಪಿನ ಸುರುಳಿ ಹುಡುಕಿ ತಂದುಕೊಟ್ಟರು.

ಆಮೇಲೆ ಅಣ್ಣನ ಮಗನಿಗೆ ಫೋನ್ ಮಾಡಿ ಕೇಳಿದೆ. ಆಟೋ ಸೆಟಪ್ ಓಡುವಾಗ 'ಫೇಸ್' ಅಂತ ಏನೋ ಎಚ್ಚರಿಕೆ ಬಂದಿತ್ತಂತೆ. ಪ್ಲಸ್ ಮೈನಸ್ ಉಲ್ಟಾ ಇರಬಹುದು ಅಂತ ಅದರ ಅರ್ಥ. ವೈರು ನೋಡಿದೆ, ಸರಿಯಿತ್ತು, ಮುಂದೆ ಒತ್ತಿದೆ ಅಂದ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಎಷ್ಟೋ ಸಲ ವೈರು ಸರಿಯಿದ್ದಾಗಲೂ ಗೋಡೆಯ ಪ್ರತಿಧ್ವನಿಗೆ ಆ ಎಚ್ಚರಿಕೆ ಬರುವುದುಂಟು.

ಮಧ್ಯಾಹ್ನ ಕರೆಂಟ್ ಬಂದ ಮೇಲೆ ಉಳಿದ ಕೆಲಸ. ಬಣ್ಣ ಹೊಡೆಸಿದ ನಂತರ ಅಪ್ಪಯ್ಯನ ಆರಾಮ ಕುರ್ಚಿ ಕಿಟಕಿ ಪಕ್ಕಕ್ಕೆ ಹೋಗಿತ್ತು. ಅಲ್ಲಿಂದ ಟೇಪು ಹಿಡಿದು ಅಳೆದರೆ ಎಡ ಸ್ಪೀಕರ್ ಆರು ಅಡಿ, ಬಲದ್ದು ಒಂಬತ್ತೂವರೆ. ಸದ್ದು ಒಂದು ಅಡಿ ದಾಟಲು ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡ್ ಬೇಕು. ಎಡದ್ದು ಮೂರೂವರೆ ಮಿಲಿಸೆಕೆಂಡ್ ಮೊದಲೇ ಬಂದುಬಿಟ್ಟರೆ ಭಾಗವತರು ಎಡಕ್ಕೆ ವಾಲುತ್ತಾರೆ. ಕುರ್ಚಿ ಸರಿಸೋಣವಾ ಅಂದೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಅಂದರು. ಸರಿ, ಕುರ್ಚಿ ಅಲ್ಲೇ ಇರಲಿ, ಸ್ಪೀಕರ್‌ಗಳೇ ಹೊಂದಿಕೊಳ್ಳಲಿ ಅಂದುಕೊಂಡೆ. ಹಿಂದಿನ ಎರಡನ್ನು ಕಪಾಟಿನ ನೆತ್ತಿಯಿಂದ ಇಳಿಸಿ ಕಿವಿಗಿಂತ ಸ್ವಲ್ಪ ಮೇಲೆ, ಪಕ್ಕದಿಂದ ತುಸು ಹಿಂದಕ್ಕೆ ಬರುವಂತೆ ಇಟ್ಟೆ. ಕ್ಯಾಮೆರಾ ಸ್ಟ್ಯಾಂಡಿಗೆ ಮೈಕ್ ಕಟ್ಟಿ, ಅಪ್ಪಯ್ಯನ ಕಿವಿಯ ಎತ್ತರಕ್ಕೆ ಹೊಂದಿಸಿ, ಆಟೋ ಸೆಟಪ್ ಮತ್ತೆ ಓಡಿಸಿದೆ. ಅಮ್ಮ ಮಿಕ್ಸಿ ನಿಲ್ಲಿಸಿದರು. ಫ್ಯಾನ್ ಆರಿಸಿದೆವು. ಐದು ನಿಮಿಷ ಮೂವರೂ ಉಸಿರು ಬಿಗಿಹಿಡಿದು ಕೂತೆವು. ಹೊರಗೆ ಜೀರುಂಡೆ ಮಾತ್ರ. ಈ ಸಲ ಯಾವ ಎಚ್ಚರಿಕೆಯೂ ಬರಲಿಲ್ಲ. ಸೆಂಟರ್ ಎದುರಿಗೆ 'ಇದೆ' ಅಂತ ಬಂತು.

ದೀಪ ಹಚ್ಚುವ ಹೊತ್ತಿಗೆ ಅದೇ ರೆಕಾರ್ಡಿಂಗ್ ಹಾಕಿದೆ. ಕೃಷ್ಣನೂ ಕೌರವನೂ ಎದುರುಬದುರು ಕೂತು ವಾದ ಮಾಡುವ ಹೊತ್ತು. ಅದಕ್ಕೆ ಮುಂಚೆ ಒಂದು ಪದ. ಮೊದಲು ಶ್ರುತಿ ಎದ್ದಿತು. ಮದ್ದಳೆಯ ಮೊದಲ ಪೆಟ್ಟಿಗೇ ಗೊತ್ತಾಯಿತು. ಮೂರು ವಾರದಿಂದ ಬರೀ 'ಟಪ್' ಅನ್ನುತ್ತಿದ್ದ ಎಡಗೈ ಪೆಟ್ಟಿನ ಕೆಳಗೆ ಈಗ ತುಂಬಿದ ನಾದ ಇತ್ತು. ಆಮೇಲೆ ಭಾಗವತರು ದನಿ ಎತ್ತಿದರು.

ಅಪ್ಪಯ್ಯ ರಿಮೋಟ್ ಎತ್ತಿಕೊಂಡು ಒಂದೊಂದೇ ಒತ್ತಿ ವಾಲ್ಯೂಮ್ ಇಳಿಸಿದರು. 62ರಿಂದ 55, 50, ಕೊನೆಗೆ 43ಕ್ಕೆ ನಿಲ್ಲಿಸಿದರು. ಕಣ್ಣು ಮುಚ್ಚಿ, ಟಿವಿಯ ನಡುಭಾಗಕ್ಕೆ ಸರಿಯಾಗಿ ಬೆರಳು ತೋರಿಸಿದರು.

"ಹಾಂ, ಈಗ ಕೂತ್ರು."

ಅಮ್ಮ ಊಟಕ್ಕೆ ಕರೆದರು. ಅಪ್ಪಯ್ಯ ಕೈಯೆತ್ತಿ ತಡೆದು, ಮೊದಲಿಂದ ಹಾಕು ಅಂತ ನನಗೆ ಸನ್ನೆ ಮಾಡಿದರು.