ಕಾರವಾನ್ ನೆಲ: ಅರ್ಧ ಗಟ್ಟಿ, ಅರ್ಧ ಬಾಕಿ

ಅಡುಗೆ ಕಟ್ಟೆಯ ಮುಂದಿನ ನೆಲ ಕೊನೆಗೂ ಗಟ್ಟಿಯಾಯ್ತು. ಮೈಭಾರ ಹಾಕಿ ನಿಂತರೂ ಈಗ ಕಿರ್ ಅನ್ನುವುದಿಲ್ಲ. ಬಾಗಿಲ ಮೂಲೆ ಮಾತ್ರ ಇನ್ನೂ ಬಾಕಿ.

ಗೊತ್ತಿಲ್ಲದವರಿಗೆ: ಇದು ಕಾರಿನ ಹಿಂದೆ ಎಳೆದುಕೊಂಡು ಹೋಗುವ ಹಳೇ ಫಾರಿನ್ ಕಾರವಾನ್. ಮುಳಶಿ ಕಡೆಯ ತೋಟವೊಂದರಲ್ಲಿ ಮಳೆಗೆ ನೆನೆಯುತ್ತ ನಿಂತಿತ್ತು. ಈಗ ಪುಣೆಯಲ್ಲಿ ಪರಿಚಯದವರ ಶೆಡ್ಡಿನಲ್ಲಿದೆ. ಇದರ ನೆಲ ಒಂದೇ ಹಲಗೆಯಲ್ಲ. ಮೇಲೊಂದು ತೆಳು ಪ್ಲೈ, ಕೆಳಗೊಂದು ತೆಳು ಪ್ಲೈ, ನಡುವೆ ಥರ್ಮೋಕೋಲ್, ಅಲ್ಲಲ್ಲಿ ಮರದ ಪಟ್ಟಿ. ಮೂರೂ ಅಂಟಿಕೊಂಡಿದ್ದರಷ್ಟೇ ಬಲ. ತುಳಿದು ತುಳಿದು ಅಂಟು ಬಿಟ್ಟರೆ ಮೇಲಿನ ಪ್ಲೈ ಒಂದೇ ಭಾರ ಹೊರಬೇಕು. ಅದಕ್ಕೇ ಕಾಲಿಟ್ಟಲ್ಲಿ ಕುಸಿಯುವುದು.

"ತಮ್ಮಾ, ಮ್ಯಾಲೊಂದು ಪ್ಲೈ ಬಡದು ಬಿಡು, ಮುಗೀತು" ಅಂದರು ಇಂಡಿ ಕಡೆಯ ಬಡಿಗ ಕಾಕಾ. ಮನೆಗಾದರೆ ಸರಿ. ಆದರೆ 8x4 ಅಡಿಯ 12 ಎಂಎಂ ಪ್ಲೈ ಒಂದೇ 20 ಕಿಲೋ ದಾಟುತ್ತದೆ. ಅಷ್ಟು ತೂಕವನ್ನು ಸುಮ್ನೆ ಎಳೆಯಬೇಕು. ಒಳಗೆ ತೇವ ಇದ್ದರೆ ಅದಕ್ಕೂ ಮುಚ್ಚಳ ಹಾಕಿದಂತೆ, ಅಲ್ವಾ?

ನೀರು ಬರುತ್ತಿದ್ದದ್ದು ಕಿಟಕಿಯ ಹಳೇ ರಬ್ಬರಿನಿಂದ. ಅದನ್ನು ಬದಲಿಸಿ, ನೆಲಹಾಸು ಕಿತ್ತು, ಪುಣೆಯ ಬಿಸಿಲಿಗೆ ಬಾಗಿಲು ತೆರೆದಿಟ್ಟು ಒಣಗಿಸಿದೆ. ಆಮೇಲೆ ನಾಣ್ಯದಿಂದ ನೆಲ ತಟ್ಟುತ್ತ ಹೋದೆ, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ. ಡಬಡಬ ಅಂದರೆ ಒಳಗೆ ಅಂಟು ಬಿಟ್ಟಿದೆ ಅಂತ; ಅಲ್ಲೆಲ್ಲ ಸುತ್ತ ಸೀಮೆಸುಣ್ಣದ ಗೆರೆ.

ಈಗ ಅಂಟಿನ ವಿಷಯ. ಫೈಬರ್ ಸಾಮಾನಿನ ಅಂಗಡಿಯಲ್ಲಿ ರೆಸಿನ್, ಅಂದರೆ ಹಚ್ಚಿದ ಮೇಲೆ ಗಟ್ಟಿಯಾಗುವ ದ್ರವ, ಕೇಳಿದರೆ ಮೊದಲು ಪಾಲಿಯೆಸ್ಟರ್ ಡಬ್ಬಿ ಮುಂದಿಡುತ್ತಾರೆ. ಅದು ಬೇಡವೇ ಬೇಡ. ಅದರಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನೇ ಕರಗಿಸಿಬಿಡುತ್ತದೆ. ಬೇಕಾದದ್ದು ಎರಡು ದ್ರವ ಕಲಸಿ ಬಳಸುವ ಎಪಾಕ್ಸಿ, ಅದೂ ನೀರಿನಂತೆ ಹರಿಯುವ ತೆಳು ಜಾತಿಯದು. ಅರಾಲ್ಡೈಟ್ ಟ್ಯೂಬಿನ ಗಟ್ಟಿ ಅಂಟು ಒಳಗೆ ಹರಡುವುದಿಲ್ಲ.

ಗೆರೆಯೊಳಗೆ ನಾಲ್ಕು ನಾಲ್ಕು ಇಂಚಿಗೊಂದು ತೂತು. ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಂಡೆ, ಕೆಳಗಿನ ಪ್ಲೈ ತೂತಾದರೆ ಎಲ್ಲಾ ಕೆಳಗೆ ಸೋರುತ್ತದೆ. ಮೆಡಿಕಲ್ ಶಾಪಿನ ದೊಡ್ಡ ಸಿರಿಂಜಿಗೆ ಸೂಜಿ ಹಾಕದೆ, ನಿಧಾನಕ್ಕೆ ಒತ್ತಿದೆ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಪಕ್ಕದ ತೂತಿನಲ್ಲಿ ಒಂದು ಗುಳ್ಳೆ ಎದ್ದು ಒಡೆಯುತ್ತದೆ, ಹಿಂದೆಯೇ ಜೇನುಬಣ್ಣದ ರೆಸಿನ್ ಅಂಚಿಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ಒಳಗೆ ತಲುಪಿತು ಅಂತ ಅರ್ಥ. ತೂತಿಗೆ ಮರದ ಗೂಟ ಬಡಿದು ಮುಂದಿನದಕ್ಕೆ ಹೋಗುವುದು.

ಬೇಸಿಗೆಯಲ್ಲಿ ಇದನ್ನು ಬೆಳಗಿನ ತಂಪಿನಲ್ಲೇ ಮಾಡಬೇಕು. ಒಂದೇ ಸಲ ಜಾಸ್ತಿ ಕಲಸಿದರೆ ಕಪ್ಪಿನಲ್ಲೇ ಕಾದು ಹೊಗೆಯಾಡಿ ಗಟ್ಟಿಯಾಗುತ್ತದೆ. ಗ್ಲೌಸ್ ಅಂತೂ ಬೇಕೇ ಬೇಕು.

ಕೊನೆಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಲಗೆ, ಹಲಗೆ ಮೇಲೆ ಭಾರಕ್ಕೆ ಶೆಡ್ಡಿನಲ್ಲೇ ಬಿದ್ದಿದ್ದ ಶಹಾಬಾದ್ ಫರಶಿ. ನಮ್ಮ ಕಲಬುರಗಿ ಕಡೆಯ ಕಲ್ಲು ಇಲ್ಲೂ ಕೈ ಹಿಡಿಯಿತು! ಕೆಳಗಿನ ಪ್ಲೈ ಜೋತು ಬೀಳದಂತೆ ಅಡಿಯಿಂದ ಹಲಗೆ ಇಟ್ಟು ಜಾಕ್ ಕೊಟ್ಟಿದ್ದೆ. ಮರುದಿನ ಕಲ್ಲು ತೆಗೆದು ಗೂಟಗಳನ್ನು ಸಮ ಕೊಯ್ದೆ. ಕಾಕಾ ಬಂದು ಹಿಮ್ಮಡಿಯಿಂದ ಗುದ್ದಿ ನೋಡಿದರು. "ಹೂಂ, ಕುಂತೈತಿ" ಅಂದರು.

ಬಾಗಿಲ ಮೂಲೆಗೆ ಈ ಔಷಧ ನಡೆಯುವುದಿಲ್ಲ. ಅಲ್ಲಿ ಪ್ಲೈ ಕಪ್ಪಾಗಿದೆ, ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಗುತ್ತದೆ. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೂ ಕೊಯ್ದು ತೆಗೆದು, ಐಎಸ್ 710 (ಮರೀನ್ ಪ್ಲೈಗಿರುವ ಭಾರತೀಯ ಮಾನಕ) ಮುದ್ರೆಯ, ನೀರು ತಡೆಯುವ ಮರೀನ್ ಪ್ಲೈ ತುಂಡು ಕೂರಿಸಬೇಕು. ಜೂನ್ ಮಳೆಗೆ ಮೊದಲೇ ಆಗಬೇಕಾದ ಕೆಲಸ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿಗೆ ಕಾಕಾನೂ ಬರುತ್ತೇನೆ ಅಂದಿದ್ದಾರೆ.